ಜ್ವರ ಬರುವ ಮೊದಲೇ ಫೈಲು ರೆಡಿ ಇರಲಿ

2021ರ ಏಪ್ರಿಲ್ ಕೊನೆಯ ವಾರ ನಾವು ಒಂದು ಸಣ್ಣ ಸ್ಟಡಿಗೆ ಅರ್ಜಿ ಹಾಕಿದೆವು. ಆಕ್ಸಿಜನ್ ಹಾಕಿಸಿಕೊಂಡು, ಸ್ಟಿರಾಯ್ಡ್ ತಗೊಂಡು ಮನೆಗೆ ಹೋದ ಕೋವಿಡ್ ರೋಗಿಗಳ ಸಕ್ಕರೆ ಒಂದು ತಿಂಗಳಾದ ಮೇಲೆ ಎಷ್ಟಿರುತ್ತದೆ ಅಂತ ನೋಡುವುದು. ಅಷ್ಟೇ. ಒಂದು ಫೋನು, ಒಂದು ರಕ್ತ ಪರೀಕ್ಷೆ. ಸ್ಟಿರಾಯ್ಡ್ ಸಕ್ಕರೆ ಏರಿಸುತ್ತದೆ, ಸಕ್ಕರೆ ಏರಿದವರನ್ನು ಜಾಸ್ತಿ ಹಿಡಿಯುವ ಕಪ್ಪು ಶಿಲೀಂಧ್ರದ ಕೇಸುಗಳು ಬರತೊಡಗಿದ್ದ ದಿನಗಳು ಅವು. ಆ ಉತ್ತರ ನಮಗೆ ಆಗಲೇ ಬೇಕಿತ್ತು.

ಸ್ಟಡಿಗೆ ಅನುಮತಿ ಕೈಗೆ ಬಂದಿದ್ದು ಜೂನ್ ಮೂರನೇ ವಾರ. ಅಷ್ಟರಲ್ಲಿ ವಾರ್ಡು ಖಾಲಿ ಆಗುತ್ತಿತ್ತು. ಸ್ಟಡಿ ರೋಗಿಗಳಿಗೆ ನ್ಯಾಯವಾಗಿದೆಯಾ ಅಂತ ನೋಡಿ ಅನುಮತಿ ಕೊಡುವ ಎಥಿಕ್ಸ್ ಕಮಿಟಿಯ ಇಬ್ಬರು ಸದಸ್ಯರಿಗೇ ಕೋವಿಡ್ ಆಗಿತ್ತು. ಅವರ ಬದಲು ಯಾರು ಕೂರಬೇಕು ಅಂತ ಎಲ್ಲೂ ಬರೆದಿರಲಿಲ್ಲ. ರೋಗಿಗಳು ಸಹಿ ಹಾಕುವ ನಮ್ಮ ಒಪ್ಪಿಗೆ ಪತ್ರ ಕನ್ನಡದಲ್ಲಿ ಇರಲಿಲ್ಲ, ಎರಡು ಸಲ ವಾಪಸ್ ಬಂತು. ಬಜೆಟ್ ಪುಟಕ್ಕೆ ಸಹಿ ಹಾಕಬೇಕಾದವರು ಊರಲ್ಲಿರಲಿಲ್ಲ. ಒಂದೊಂದೂ ಸಣ್ಣ ವಿಷಯ. ಒಟ್ಟಿಗೆ ಸೇರಿ ಏಳು ವಾರ ಹೋಯಿತು. ಆ ರೋಗಿಗಳ ಸಕ್ಕರೆ ಎಷ್ಟಿತ್ತು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ.

ನಾನು ಕಾರಟಗಿಯವಳು. ಸ್ಟಾಫ್ ನರ್ಸ್ ಆಗಿ ಕೆಲಸ ಶುರು ಮಾಡಿದೆ. ಈಗ ಹದಿನಾಲ್ಕು ವರ್ಷದಿಂದ ಬಳ್ಳಾರಿ, ಕೊಪ್ಪಳ, ರಾಯಚೂರು ಅಂತ ಓಡಾಡುವ ಸ್ಟಡಿ ಕೋಆರ್ಡಿನೇಟರ್. ಜಿಲ್ಲಾ ಆಸ್ಪತ್ರೆ, ತಾಲೂಕು ಆಸ್ಪತ್ರೆಗಳಲ್ಲಿ ಕೆಲಸ ಮಾಡುವ ಕಿರಿಯ ಡಾಕ್ಟರುಗಳು, ಪಿಜಿ ವಿದ್ಯಾರ್ಥಿಗಳು, ನರ್ಸ್‌ಗಳು ಇದನ್ನು ಓದಲಿ ಅಂತ ಬರೆಯುತ್ತಿದ್ದೇನೆ. ಸಾಂಕ್ರಾಮಿಕ ರೋಗ ಹಬ್ಬಿದ ಹೊತ್ತಿನಲ್ಲಿ ಸಂಶೋಧನೆ ಮಾಡಬೇಕು ಅಂದರೆ, ಅದರ ಮುಕ್ಕಾಲು ಕೆಲಸ ರೋಗ ಇಲ್ಲದ ದಿನಗಳಲ್ಲೇ ಮುಗಿದಿರಬೇಕು. ಅದು ಹೇಗೆ ಅಂತ ಹೇಳುತ್ತೇನೆ.

ಹೆಸರು ಗೊತ್ತಿಲ್ಲದ ರೋಗಕ್ಕೆ ತಯಾರಿ

ಎಲ್ಲರೂ ಮೊದಲು ಕೇಳುವುದು ಇದನ್ನೇ. ಯಾವ ರೋಗ ಬರುತ್ತೆ ಅಂತಾನೇ ಗೊತ್ತಿಲ್ಲ, ಏನಂತ ಬರೆದಿಡೋದು?

ರೋಗದ ಹೆಸರು ಬಿಡಿ, ಲಕ್ಷಣ ಹಿಡಿಯಿರಿ. ನನ್ನ ಹತ್ತಿರ ನಾಲ್ಕು ಫೈಲು ಇವೆ. ಜ್ವರದ ಜೊತೆ ಉಸಿರಾಟದ ತೊಂದರೆ. ಜ್ವರದ ಜೊತೆ ಪ್ರಜ್ಞೆ ತಪ್ಪುವುದು ಅಥವಾ ಫಿಟ್ಸ್. ಜ್ವರದ ಜೊತೆ ಮೈಕೈ ನೋವು, ಗುಳ್ಳೆ, ರಕ್ತಸ್ರಾವ. ನಾಲ್ಕನೆಯದು ವಾಂತಿಭೇದಿ. ಪ್ರತಿ ಫೈಲಿನಲ್ಲೂ ಪ್ರೋಟೋಕಾಲ್ (ಸ್ಟಡಿ ಹೇಗೆ ಮಾಡಬೇಕು ಅನ್ನುವ ಬರಹ), ಒಪ್ಪಿಗೆ ಪತ್ರ, ಮಾಹಿತಿ ತುಂಬುವ ಫಾರ್ಮು, ಸ್ಯಾಂಪಲ್ ಪಟ್ಟಿ, ಬಜೆಟ್ ಇದೆ. ರೋಗದ ಹೆಸರಿನ ಜಾಗ ಖಾಲಿ ಇದೆ.

ಇದು ನಾನು ಕಂಡುಹಿಡಿದ ದಾರಿಯಲ್ಲ. 2011ರಲ್ಲಿ ಶುರುವಾದ ಐಸಾರಿಕ್ ಎಂಬ ಅಂತರರಾಷ್ಟ್ರೀಯ ಗುಂಪು ಯಾವ ಹೊಸ ಸೋಂಕಿಗೂ ಹೊಂದುವಂಥ ಪ್ರೋಟೋಕಾಲನ್ನು ಮೊದಲೇ ಬರೆದಿಟ್ಟಿತ್ತು. 2020ರಲ್ಲಿ ಕೋವಿಡ್ ಬಂದಾಗ ಅದನ್ನೇ ತೆಗೆದು ಬಳಸಿದರು. ತಯಾರಿ ಇಲ್ಲದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಪಶ್ಚಿಮ ಆಫ್ರಿಕಾದ ಎಬೋಲಾ ಇದೆ. 2014ರಿಂದ 2016ರವರೆಗೆ 28,000ಕ್ಕೂ ಜಾಸ್ತಿ ಜನಕ್ಕೆ ಬಂತು, 11,000ಕ್ಕೂ ಜಾಸ್ತಿ ಜನ ಸತ್ತರು. ಔಷಧಗಳ ಪರೀಕ್ಷೆ ಶುರುವಾಗುವ ಹೊತ್ತಿಗೆ ಎಷ್ಟೋ ಕಡೆ ಕೇಸುಗಳೇ ಇಳಿದುಹೋಗಿದ್ದವು. ಸಾಕಷ್ಟು ರೋಗಿಗಳು ಸಿಗದೆ ಉತ್ತರ ಅರ್ಧಕ್ಕೆ ನಿಂತಿತು.

ಇನ್ನು ನಮ್ಮ ಭಾಗದ ಮಾತು. ನಮ್ಮಲ್ಲಿಗೆ ಬರುವ ಎಷ್ಟೋ ಜ್ವರಗಳಿಗೆ ದಾರಿ ಗೊತ್ತಿದೆ. ತುಂಗಭದ್ರಾ ಎಡದಂಡೆ ಕಾಲುವೆ ಗುಂಟ ಗಂಗಾವತಿ, ಕಾರಟಗಿ, ಸಿಂಧನೂರು ಅಂತ ಹೊರಟರೆ ಕಣ್ಣು ಹಾಯಿಸಿದಷ್ಟೂ ಭತ್ತದ ಗದ್ದೆ. ನಿಂತ ನೀರಿನಲ್ಲಿ ಕ್ಯುಲೆಕ್ಸ್ ಸೊಳ್ಳೆ ಬೆಳೆಯುತ್ತದೆ. ಕೊಕ್ಕರೆ ಜಾತಿಯ ನೀರಹಕ್ಕಿಗಳಿವೆ, ಊರೊಳಗೆ ಹಂದಿಗಳಿವೆ. ಹಕ್ಕಿ, ಹಂದಿಗಳಲ್ಲಿ ಬೆಳೆದು ಸೊಳ್ಳೆಯಿಂದ ಮನುಷ್ಯರಿಗೆ ಬರುವ ಜಪಾನೀಸ್ ಮೆದುಳು ಜ್ವರದ ವೈರಸ್ಸಿಗೆ ಇನ್ನೇನು ಬೇಕು? 2006ರಲ್ಲಿ ದೇಶದಲ್ಲಿ ಮಕ್ಕಳಿಗೆ ಇದರ ಲಸಿಕೆ ಅಭಿಯಾನ ಶುರುವಾದಾಗ ಮೊದಲ ಕೆಲವೇ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ಅದೇ ಹೊತ್ತಿನಲ್ಲಿ ಚಿಕೂನ್‌ಗುನ್ಯ ಬಂದು ಊರಿಗೆ ಊರೇ ಕೀಲು ಹಿಡಿದುಕೊಂಡು ಮಲಗಿದ್ದನ್ನು ನಮ್ಮ ಕಡೆ ಯಾರೂ ಮರೆತಿಲ್ಲ. ಆದ್ದರಿಂದ ನಾಲ್ಕು ಫೈಲಲ್ಲಿ ಯಾವುದನ್ನು ಮೊದಲು ಬರೆಯಬೇಕು ಅಂತ ನಿಮ್ಮ ತಾಲೂಕಿನ ಹಳೆ ವರದಿ ನೋಡಿದರೆ ಗೊತ್ತಾಗುತ್ತದೆ. ಜಿಲ್ಲಾ ಸರ್ವೇಕ್ಷಣಾ ಘಟಕದಲ್ಲಿ ಕೇಳಿ. ಐದು ವರ್ಷದ ಕೇಸುಗಳನ್ನು ತಿಂಗಳವಾರು ಒಂದು ಹಾಳೆ ಮೇಲೆ ಬರೆದುಕೊಳ್ಳಿ.

ಒಂದೇ ಪ್ರಶ್ನೆ ಸಾಕು

ಕಿರಿಯ ಡಾಕ್ಟರುಗಳು ತರುವ ಪ್ರೋಟೋಕಾಲಿನಲ್ಲಿ ಹನ್ನೆರಡು ಉದ್ದೇಶಗಳಿರುತ್ತವೆ. ನಾನು ಕೇಳುವುದು ಒಂದೇ: ಇದರ ಉತ್ತರ ಸಿಕ್ಕರೆ ನಾಳೆ ವಾರ್ಡಿನಲ್ಲಿ ಏನು ಬದಲಾಗುತ್ತದೆ? ಬದಲಾಗುವುದು ಏನೂ ಇಲ್ಲದಿದ್ದರೆ, ರೋಗ ಹಬ್ಬಿರುವಾಗ ಆ ಪ್ರಶ್ನೆ ಬೇಡ. ಆಮೇಲೆ ನಿಧಾನಕ್ಕೆ ಮಾಡಬಹುದು.

ಕೋವಿಡ್ ಔಷಧಗಳನ್ನು ಪರೀಕ್ಷಿಸಿದ ಬ್ರಿಟನ್ನಿನ ರಿಕವರಿ ಟ್ರಯಲ್ ನೋಡಿ. 2020ರ ಮಾರ್ಚಿನಲ್ಲಿ ಪ್ರೋಟೋಕಾಲ್ ಬರೆಯಲು ಕೂತು, ಒಂಬತ್ತೇ ದಿನದಲ್ಲಿ ಮೊದಲ ರೋಗಿಯನ್ನು ಸೇರಿಸಿಕೊಂಡರು. ಫಾರ್ಮು ಚಿಕ್ಕದು, ಪ್ರಶ್ನೆ ನೇರ: ಈ ಔಷಧ ಕೊಟ್ಟರೆ ಸಾವು ಕಮ್ಮಿ ಆಗುತ್ತದೋ ಇಲ್ಲವೋ? ಜೂನ್ 16ಕ್ಕೆ ಡೆಕ್ಸಾಮೆಥಾಸೋನ್ ಅನ್ನುವ ಸ್ಟಿರಾಯ್ಡ್‌ನ ಫಲಿತಾಂಶ ಹೊರಬಂತು. ವೆಂಟಿಲೇಟರ್ ಮೇಲಿದ್ದವರಲ್ಲಿ ಸಾವು ಮೂರನೇ ಒಂದು ಭಾಗ, ಆಕ್ಸಿಜನ್ ಮೇಲಿದ್ದವರಲ್ಲಿ ಐದನೇ ಒಂದು ಭಾಗ ಇಳಿದಿತ್ತು. ಆಕ್ಸಿಜನ್ ಬೇಡವಾದವರಿಗೆ ಲಾಭ ಇರಲಿಲ್ಲ. ನಮ್ಮ ಸಣ್ಣ ಮೆಡಿಕಲ್ ಶಾಪಿನಲ್ಲೂ ಸಿಗುವ ಅಗ್ಗದ ಔಷಧ ಅದು. ಅದನ್ನು ಯಾರಿಗೆ ಕೊಡಬೇಕು ಅನ್ನುವಷ್ಟೇ, ಯಾರಿಗೆ ಕೊಡಬಾರದು ಅನ್ನುವುದೂ ಆ ಒಂದು ಪ್ರಶ್ನೆಯಿಂದ ತಿಳಿಯಿತು.

ನಮ್ಮ ದೇಶದಲ್ಲೂ ಆಗಿದೆ. ಕೋವಿಡ್‌ನಿಂದ ವಾಸಿಯಾದವರ ಪ್ಲಾಸ್ಮಾ ಬೇಕು ಅಂತ ಜನ ರಾತ್ರಿ ಹಗಲು ಫೋನು ಮಾಡುತ್ತಿದ್ದರಲ್ಲ, ಆಗಲೇ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿಯಾದ ಐಸಿಎಂಆರ್ ಪ್ಲಾಸಿಡ್ ಅನ್ನುವ ಟ್ರಯಲ್ ಮಾಡಿತು. 39 ಆಸ್ಪತ್ರೆ, 464 ರೋಗಿಗಳು. ಪ್ಲಾಸ್ಮಾದಿಂದ ಸಾವು ಕಮ್ಮಿ ಆಗಲಿಲ್ಲ, ರೋಗ ಜೋರಾಗುವುದೂ ನಿಲ್ಲಲಿಲ್ಲ ಅಂತ 2020ರಲ್ಲೇ ಗೊತ್ತಾಯಿತು. ಎಲ್ಲರಿಗೂ ಕೊಟ್ಟುಬಿಟ್ಟಿದ್ದರೆ ಇದು ಗೊತ್ತೇ ಆಗುತ್ತಿರಲಿಲ್ಲ. ವಾಸಿಯಾದವರು ಪ್ಲಾಸ್ಮಾದಿಂದ ವಾಸಿಯಾದರು ಅಂದುಕೊಳ್ಳುತ್ತಿದ್ದೆವು. ಅದಕ್ಕೇ ಹೇಳುವುದು, ಕಷ್ಟದ ಹೊತ್ತಿನಲ್ಲಿ ಎಲ್ಲರಿಗೂ ಕೊಟ್ಟುನೋಡೋಣ ಅನ್ನುವ ಒತ್ತಡ ಬರುತ್ತದೆ. ಚೀಟಿ ಎತ್ತಿ ಎರಡು ಗುಂಪು ಮಾಡಿ, ಒಂದಕ್ಕೆ ಮಾತ್ರ ಔಷಧ ಕೊಟ್ಟು ನೋಡುವುದು ಕಲ್ಲು ಮನಸ್ಸಿನ ಕೆಲಸ ಅಲ್ಲ. ಔಷಧ ಕೆಲಸ ಮಾಡುತ್ತದೋ ಇಲ್ಲವೋ ಅಂತ ನಿಜವಾಗಿ ಗೊತ್ತಿಲ್ಲದಿದ್ದಾಗ ಅದೇ ನ್ಯಾಯ.

ಸಹಿಗಳು

ಎಥಿಕ್ಸ್ ಕಮಿಟಿಯ ಕಾರ್ಯದರ್ಶಿಯನ್ನು ರೋಗ ಇಲ್ಲದ ತಿಂಗಳಲ್ಲಿ ಹೋಗಿ ಭೇಟಿ ಮಾಡಿ. ಐಸಿಎಂಆರ್‌ನ 2017ರ ಮಾರ್ಗಸೂಚಿಯಲ್ಲಿ ವಿಪತ್ತಿನ ಕಾಲದ ಸಂಶೋಧನೆಗೆ ಬೇರೆಯೇ ಭಾಗ ಇದೆ. ಮೊದಲೇ ತಯಾರಿ ಮಾಡಿಕೊಳ್ಳುವುದಕ್ಕೂ, ಬೇಗ ಪರಿಶೀಲಿಸುವುದಕ್ಕೂ ಅಲ್ಲಿ ಜಾಗ ಇದೆ. ನಿಮ್ಮ ಖಾಲಿ ಹೆಸರಿನ ಫೈಲನ್ನು ಈಗಲೇ ಓದಿಸಿ, ತಿದ್ದಿಸಿಕೊಳ್ಳಿ. ರೋಗ ಬಂದಾಗ ಕಮಿಟಿ ಬದಲಾದ ಎರಡು ಪುಟ ಮಾತ್ರ ನೋಡಿದರೆ ಸಾಕು ಅನ್ನುವ ಹಾಗೆ ಇರಲಿ.

ಸಭೆಗೆ ಕನಿಷ್ಠ ಐದು ಜನ ಬೇಕು, ಅವರಲ್ಲಿ ವೈದ್ಯರಲ್ಲದವರೂ ಇರಬೇಕು. ಒಬ್ಬರು ಹಾಸಿಗೆ ಹಿಡಿದರೆ ಬದಲಿಗೆ ಯಾರು? ಆನ್‌ಲೈನ್ ಸಭೆಗೆ ಅವರ ನಿಯಮದಲ್ಲಿ ಅವಕಾಶ ಇದೆಯಾ? ಇವನ್ನು ಕೇಳಿ, ಬರೆಸಿಕೊಳ್ಳಿ. ನಮ್ಮ ಏಳು ವಾರದಲ್ಲಿ ಮೂರು ವಾರ ಇಲ್ಲೇ ಹೋಯಿತು.

ಔಷಧದ ಟ್ರಯಲ್ ಆದರೆ ಮೊದಲ ರೋಗಿಯನ್ನು ಸೇರಿಸುವ ಮುಂಚೆ ದೇಶದ ಟ್ರಯಲ್ಲುಗಳ ದಾಖಲೆ ತಾಣವಾದ ಸಿಟಿಆರ್‌ಐನಲ್ಲಿ ನೋಂದಣಿ ಆಗಿರಬೇಕು. 2009ರಿಂದ ಇದು ಕಡ್ಡಾಯ. ಲಾಗಿನ್ ಈಗಲೇ ಮಾಡಿಟ್ಟುಕೊಳ್ಳಿ. ಹೊಸ ಔಷಧ ಆದರೆ ಔಷಧ ನಿಯಂತ್ರಕರ ಅನುಮತಿ, ವಿದೇಶದವರ ಜೊತೆ ಸೇರಿದ್ದರೆ ಆರೋಗ್ಯ ಸಚಿವಾಲಯದ ಪರಿಶೀಲನಾ ಸಮಿತಿ. ಡಿಎಚ್‌ಒ (ಜಿಲ್ಲಾ ಆರೋಗ್ಯಾಧಿಕಾರಿ) ಸಾಹೇಬರ ಪತ್ರ. ಸ್ಯಾಂಪಲ್ ಹೊರಗಿನ ಲ್ಯಾಬಿಗೆ ಹೋಗುವುದಾದರೆ ಅದಕ್ಕೊಂದು ಒಪ್ಪಂದ: ಸ್ಯಾಂಪಲ್ ಯಾರದು, ಎಷ್ಟು ದಿನ ಇಡಬೇಕು, ಉಳಿದದ್ದನ್ನು ಏನು ಮಾಡಬೇಕು. ಪ್ರತಿ ಸಹಿಯ ಪಕ್ಕ ಆ ಹುದ್ದೆಯ ಫೋನ್ ನಂಬರ್, ಅವರು ರಜೆಯಲ್ಲಿದ್ದರೆ ಸಹಿ ಹಾಕುವವರ ನಂಬರ್ ಬರೆದ ಒಂದು ಹಾಳೆ ಮಾಡಿ. ನನ್ನ ಫೈಲಿನ ಮೊದಲ ಪುಟ ಅದೇ.

ಅಜ್ಜಿ ಕೇಳಿದ ಪ್ರಶ್ನೆ

ಸಿಂಧನೂರು ಕಡೆಯ ಒಂದು ಮಗು ಜ್ವರ, ಫಿಟ್ಸ್ ಅಂತ ಬಂದಿತ್ತು. ಆರು ವರ್ಷದ ಹುಡುಗ. ಅಪ್ಪ ಅಮ್ಮ ಇಬ್ಬರೂ ಬೆಂಗಳೂರಿಗೆ ಗುಳೆ ಹೋಗಿದ್ದರು. ಕರೆತಂದವಳು ಅಜ್ಜಿ. ಸ್ಟಡಿಗೆ ಸ್ವಲ್ಪ ರಕ್ತ ಜಾಸ್ತಿ ತೆಗೆಯಬೇಕಿತ್ತು. ನಾನು ಪತ್ರ ಹಿಡಿದು ಅವಳ ಪಕ್ಕ ನೆಲದ ಮೇಲೆ ಕೂತೆ.

"ಸಿಸ್ಟರಮ್ಮ, ಇದರಿಂದ ನನ್ನ ಮೊಮ್ಮಗ ಆರಾಮ ಆಗ್ತಾನೇನು?"

"ಇಲ್ಲ ಯಮ್ಮಾ. ಇವನ ಔಷಧ ಡಾಕ್ಟರು ಬ್ಯಾರೆ ಕೊಡಾಕತ್ತಾರ. ಈ ರಕ್ತ ಮುಂದ ಬರೋ ಹುಡುಗರ ಸಲುವಾಗಿ."

"ಒಲ್ಲೆ ಅಂದ್ರ?"

"ಒಲ್ಲೆ ಅಂದ್ರೂ ಅದೇ ಔಷಧ, ಅದೇ ಹಾಸಿಗಿ."

ಅವಳು ನನ್ನ ಕೈಯಲ್ಲಿದ್ದ ಕಾಗದ ನೋಡಿದಳು. ಓದಲು ಬರುವುದಿಲ್ಲ. "ಹಂಗಂತ ಬರದೈತೇನು ಇದರಾಗ?"

ಬರೆದಿತ್ತು. ನಾಲ್ಕನೇ ಪುಟದ ಕೆಳಗೆ, ಹದಿಮೂರನೇ ಅಂಶವಾಗಿ. ಅವಳು ಕೇಳಿದ ಮಾತುಗಳೇ ಒಪ್ಪಿಗೆಯ ಜೀವಾಳ, ನಾವು ಅವನ್ನು ಕೊನೆಗೆ ತಳ್ಳಿದ್ದೆವು. ಮುಂದಿನ ತಿಂಗಳೇ ತಿದ್ದುಪಡಿ ಹಾಕಿ ಪತ್ರದ ಮೊದಲ ಮೂರು ಸಾಲು ಬದಲಿಸಿಕೊಂಡೆವು. ಇದು ಚಿಕಿತ್ಸೆ ಅಲ್ಲ, ಸಂಶೋಧನೆ. ಇದರಿಂದ ನಿಮಗೆ ಲಾಭ ಆಗದೇ ಇರಬಹುದು. ಬೇಡ ಅಂದರೂ ನಿಮ್ಮ ಚಿಕಿತ್ಸೆಯಲ್ಲಿ ಏನೂ ಕಮ್ಮಿ ಆಗುವುದಿಲ್ಲ. ನೀವೂ ಹಾಗೇ ಮಾಡಿ.

ಅಂದು ಫೋನಿನಲ್ಲಿ ಅವನ ಅಪ್ಪನ ಜೊತೆ ಮಾತಾಡಿದೆವು. ಮರುದಿನ ಅವರು ಬಂದು ಸಹಿ ಹಾಕಿದ ಮೇಲೇ ಹೆಚ್ಚುವರಿ ರಕ್ತ ತೆಗೆದೆವು. ಇಂಥ ಪರಿಸ್ಥಿತಿ ನಮ್ಮ ಭಾಗದಲ್ಲಿ ದಿನಾ ಬರುತ್ತದೆ. ಮಗುವಿನ ಪರವಾಗಿ ಯಾರು ಒಪ್ಪಿಗೆ ಕೊಡಬಹುದು, ಅವರು ದೂರದಲ್ಲಿದ್ದರೆ ಏನು ಮಾಡಬೇಕು ಅಂತ ಪ್ರೋಟೋಕಾಲಿನಲ್ಲೇ ಬರೆದಿರಿ. ಏಳು ವರ್ಷ ದಾಟಿದ ಮಕ್ಕಳನ್ನು, ಎಚ್ಚರ ಇದ್ದರೆ, ಬಾಯಿಮಾತಿನಲ್ಲಾದರೂ ಕೇಳಬೇಕು. ಹನ್ನೆರಡು ದಾಟಿದವರಿಂದ ಬರಹದಲ್ಲಿ ತಗೊಳ್ಳಬೇಕು. ಪ್ರಜ್ಞೆ ಇಲ್ಲದ ದೊಡ್ಡವರಿಗೆ ಹತ್ತಿರದ ಸಂಬಂಧಿಕರು ಕೊಡುತ್ತಾರೆ. ರೋಗಿಗೆ ಪ್ರಜ್ಞೆ ಬಂದ ಮೇಲೆ ಅವರನ್ನೇ ಮತ್ತೆ ಕೇಳಿ. ಹೆಬ್ಬೆಟ್ಟು ಒತ್ತಿಸಿಕೊಂಡರೆ, ಸ್ಟಡಿಗೆ ಸಂಬಂಧ ಇಲ್ಲದ ಒಬ್ಬ ಸಾಕ್ಷಿ ಇಡೀ ಮಾತುಕತೆ ಕೇಳಿ ಸಹಿ ಹಾಕಬೇಕು. ಕೊನೆಗೆ ಬಂದು ಸುಮ್ನೆ ಸಹಿ ಹಾಕಿ ಹೋಗುವುದಲ್ಲ.

ಭಾಷೆಯನ್ನೂ ನೋಡಿ. ಸಿಂಧನೂರು, ಗಂಗಾವತಿಯ ಕ್ಯಾಂಪುಗಳಲ್ಲಿ ತೆಲುಗು. ಸಿಂಧನೂರಿನ ಪುನರ್ವಸತಿ ಕ್ಯಾಂಪುಗಳಲ್ಲಿ ಬಂಗಾಳಿ. ರಾಯಚೂರು ಪಟ್ಟಣದಲ್ಲಿ ಉರ್ದು. ತಾಂಡಾಗಳಲ್ಲಿ ಲಂಬಾಣಿ. ಒಂದೇ ತಾಲೂಕು ಆಸ್ಪತ್ರೆಗೆ ಇವರೆಲ್ಲ ಬರುತ್ತಾರೆ. ರೋಗ ಬಂದ ಮೇಲೆ ಅನುವಾದಕರನ್ನು ಹುಡುಕಬೇಡಿ. ಈಗಲೇ ಬರೆಸಿ, ಆ ಭಾಷೆಯ ಆಶಾ ಕಾರ್ಯಕರ್ತೆಯಿಂದ ಜೋರಾಗಿ ಓದಿಸಿ. ಅವಳು ಎಲ್ಲಿ ತಡವರಿಸುತ್ತಾಳೋ ಆ ಸಾಲು ಬದಲಿಸಿ.

ಒಂದು ಪುಟ, ಮೂರು ಫೋನ್ ನಂಬರ್

ಮಾಹಿತಿ ಫಾರ್ಮು ಒಂದು ಪುಟ ದಾಟಬಾರದು. ಪಿಪಿಇ ಹಾಕಿಕೊಂಡು, ಎರಡು ಗ್ಲೌಸ್ ಒಳಗಿಂದ ಪೆನ್ನು ಹಿಡಿದು ಬರೆದವರಿಗೆ ಇದು ಗೊತ್ತು. ಪ್ರತಿ ಪ್ರಶ್ನೆಗೂ ಟಿಕ್ ಹಾಕುವ ಚೌಕ ಇರಲಿ. ಜ್ವರ ಶುರುವಾದ ದಿನಾಂಕ ಮಾತ್ರ ಬಿಡಬೇಡಿ, ಅದಿಲ್ಲದಿದ್ದರೆ ಪರೀಕ್ಷೆಯ ಫಲಿತಾಂಶಕ್ಕೆ ಅರ್ಥ ಇರುವುದಿಲ್ಲ. ಡೆಂಗಿಯಲ್ಲಿ ವೈರಸ್ಸಿನದೇ ಅಂಶವಾದ ಎನ್‌ಎಸ್1 ಮೊದಲ ಐದು ದಿನದಲ್ಲಿ ಚೆನ್ನಾಗಿ ಸಿಗುತ್ತದೆ, ಮೈ ತಯಾರಿಸುವ ಪ್ರತಿಕಾಯವಾದ ಐಜಿಎಂ ಆಮೇಲೆ. ಮೆದುಳು ಜ್ವರದಲ್ಲೂ ತೀರಾ ಬೇಗ ತೆಗೆದ ರಕ್ತದಲ್ಲಿ ಐಜಿಎಂ ಕಾಣದೇ ಇರಬಹುದು, ಎರಡನೇ ಸ್ಯಾಂಪಲ್ ಬೇಕಾಗುತ್ತದೆ. ಜನಕ್ಕೆ ತಾರೀಖು ನೆನಪಿರುವುದಿಲ್ಲ. "ಸಂತಿ ದಿನ ಜ್ವರ ಬಂದಿತ್ತೋ, ಅದರ ಮುಂಚೆಯೋ?" ಅಂತ ಕೇಳಿ. ಅಮಾವಾಸ್ಯೆ, ಊರ ಜಾತ್ರೆ, ನಾಟಿ ದಿನ, ಇವೆಲ್ಲ ನೆನಪಿರುತ್ತವೆ. ನಿಮ್ಮ ತಾಲೂಕಿನ ಸಂತೆ ದಿನಗಳ ಪಟ್ಟಿ ಫೈಲಿನಲ್ಲಿ ಇರಲಿ.

ಫಾಲೋಅಪ್ ನಮ್ಮ ಕಡೆ ಸೋಲುವುದು ಗುಳೆಯಿಂದ. ಇಪ್ಪತ್ತೆಂಟನೇ ದಿನ ಫೋನು ಮಾಡಿದರೆ ಮನೆಗೆ ಬೀಗ. ಅದಕ್ಕೆ ಮೂರು ನಂಬರ್ ತಗೊಳ್ಳಿ: ಮನೆಯವರದು, ಊರಲ್ಲೇ ಇರುವ ಸಂಬಂಧಿಕರದು, ಕೆಲಸಕ್ಕೆ ಕರೆದೊಯ್ಯುವ ಮೇಸ್ತ್ರಿಯದು. ಮೇಸ್ತ್ರಿಗೆ ಫೋನು ಮಾಡಿದಾಗ ರೋಗದ ವಿಷಯ ಒಂದಕ್ಷರ ಆಡಬೇಡಿ. 2020ರಲ್ಲಿ ಬಾಗಿಲಿಗೆ ನೋಟಿಸ್ ಅಂಟಿಸಿಕೊಂಡ ಮನೆಗಳವರು ಆಮೇಲೂ ಎಷ್ಟು ದಿನ ಅನುಭವಿಸಿದರು ಅಂತ ನಾವೆಲ್ಲ ನೋಡಿದ್ದೇವೆ. ರೋಗಿಯ ಹೆಸರು ಒಂದು ರಿಜಿಸ್ಟರಿನಲ್ಲಿ, ಬೀಗದೊಳಗೆ. ಉಳಿದ ಎಲ್ಲ ಕಡೆ ನಂಬರ್ ಮಾತ್ರ. ವಾಟ್ಸಾಪ್‌ನಲ್ಲಿ ಫಾರ್ಮಿನ ಫೋಟೋ ಕಳಿಸುವುದು ಬೇಡವೇ ಬೇಡ.

ಐಸ್‌ಪ್ಯಾಕಿನ ಸದ್ದು

ರಕ್ತ ತೆಗೆದ ತಕ್ಷಣ ಐಸ್ ಮೇಲೆ ಇಟ್ಟು ಕಳಿಸುವುದು ನಾನು ಅತಿ ಹೆಚ್ಚು ನೋಡಿದ ತಪ್ಪು. ಸೀರಂ ಬೇಕಾದರೆ ಟ್ಯೂಬನ್ನು ನೆಟ್ಟಗೆ ನಿಲ್ಲಿಸಿ ಅರ್ಧ ಗಂಟೆ ಹಾಗೇ ಬಿಡಿ, ರಕ್ತ ಹೆಪ್ಪುಗಟ್ಟಲಿ. ಆಮೇಲೆ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, ಮೇಲಿನ ತಿಳಿ ಹಳದಿ ನೀರನ್ನು ಬೇರೆ ಸೀಸೆಗೆ ತಗೊಳ್ಳಿ. ತಿರುಗಿಸದ ರಕ್ತ ಮಂಜುಗಟ್ಟುವಷ್ಟು ತಣ್ಣಗಾದರೆ ರಕ್ತಕಣ ಒಡೆದು ಸೀರಂ ಕೆಂಪಾಗುತ್ತದೆ, ಸ್ಯಾಂಪಲ್ ಹೋದಂತೆ.

ಪಿಎಚ್‌ಸಿಯ ಡೀಪ್ ಫ್ರೀಜರಿನಿಂದ ತೆಗೆದ ಐಸ್‌ಪ್ಯಾಕನ್ನು ನೇರ ಸ್ಯಾಂಪಲ್ ಒಯ್ಯುವ ಕ್ಯಾರಿಯರಿಗೆ ಹಾಕಬೇಡಿ. ಹೊರಗೆ ಇಡಿ. ಮೈಮೇಲಿನ ಬಿಳಿ ಹಿಮ ಕರಗಿ ಬೆವರಿದ ಹಾಗೆ ಆಗುತ್ತದೆ. ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ. ಒಳಗೆ ನೀರು ಕುಲುಕುವ ಸಣ್ಣ ಸದ್ದು ಕೇಳಿಸಬೇಕು. ಆಗ ಅದು 2ರಿಂದ 8 ಡಿಗ್ರಿಗೆ ಸರಿ. ಲಸಿಕೆ ಹಾಕುವ ನಮ್ಮ ಎಎನ್‌ಎಂ ಅಕ್ಕಂದಿರಿಗೆ ಇದು ಚೆನ್ನಾಗಿ ಗೊತ್ತು. ಅವರಿಂದಲೇ ಕಲಿಯಿರಿ, ನಾನೂ ಅವರಿಂದಲೇ ಕಲಿತೆ.

ನಂಬರನ್ನು ಟ್ಯೂಬಿನ ಮೈಮೇಲೆ ಬರೆಯಿರಿ, ಮುಚ್ಚಳದ ಮೇಲೆ ಅಲ್ಲ. ಮುಚ್ಚಳ ಅದಲುಬದಲಾಗುತ್ತದೆ. ಸ್ಯಾಂಪಲ್ ಮೂರು ಪದರದಲ್ಲಿ ಹೋಗಬೇಕು: ಟ್ಯೂಬು, ಅದರ ಸುತ್ತ ಹೀರುವ ಹತ್ತಿ ಇಟ್ಟ ಸೋರದ ಡಬ್ಬಿ, ಹೊರಗೆ ಗಟ್ಟಿ ಪೆಟ್ಟಿಗೆ.

ಬೇಸಿಗೆಯಲ್ಲಿ ರಾಯಚೂರಿನ ಬಿಸಿಲು 42 ಡಿಗ್ರಿ ದಾಟುತ್ತದೆ. ಒಂದು ಕಡೆ ನಾವು ಮೂರು ತಿಂಗಳ ಸೀರಂ ಕಳೆದುಕೊಂಡೆವು. ಭಾನುವಾರ ರಾತ್ರಿ ಕರೆಂಟು ಹೋಗಿತ್ತು, ಜನರೇಟರಿನಲ್ಲಿ ಡೀಸೆಲ್ ಇರಲಿಲ್ಲ, ಸೋಮವಾರ ಬೆಳಗ್ಗೆ ಫ್ರೀಜರ್ ಬಾಗಿಲು ತೆಗೆದಾಗ ಒಳಗಿಂದ ತಂಪೇ ಬರಲಿಲ್ಲ. ಅವು ಇನ್ನೂರಕ್ಕೂ ಜಾಸ್ತಿ ಜನ ನಮ್ಮನ್ನು ನಂಬಿ ಕೊಟ್ಟ ರಕ್ತ. ಅಂದಿನಿಂದ ಪ್ರತಿ ಸ್ಯಾಂಪಲನ್ನು ಎರಡು ಸೀಸೆಗೆ ಹಂಚಿ ಎರಡು ಬೇರೆ ಕಟ್ಟಡದ ಫ್ರೀಜರಿನಲ್ಲಿ ಇಡುತ್ತೇನೆ. ದಿನಕ್ಕೆರಡು ಸಲ ಉಷ್ಣಾಂಶ ಬರೆಯುವುದು, ಭಾನುವಾರವೂ. ಬಜೆಟ್ಟಿನಲ್ಲಿ ಡೀಸೆಲ್‌ಗೆ ಒಂದು ಸಾಲು.

ಕೆಲಸ ಮಾಡುವ ಕೈಗಳು

ವಾರ್ಡಿನ ನರ್ಸನ್ನು ಸಂಶೋಧನೆಗೆ ಎಳೆಯಬೇಡಿ. ಹಾಸಿಗೆ ತುಂಬಿದಾಗ ರೋಗಿಯ ಆರೈಕೆಯೇ ಮೊದಲು. ಅದನ್ನು ಕದ್ದು ಮಾಡಿದ ಸ್ಟಡಿ ನನಗೆ ಬೇಡ. ಆದ್ದರಿಂದ ಬೇರೆ ಜನ ಬೇಕು, ಅವರ ಸಂಬಳ ಬಜೆಟ್ಟಿನಲ್ಲಿರಬೇಕು. ನಿವೃತ್ತ ಲ್ಯಾಬ್ ಟೆಕ್ನೀಶಿಯನ್‌ಗಳು, ನರ್ಸಿಂಗ್ ಮುಗಿಸಿ ಮನೆಯಲ್ಲಿರುವ ಹುಡುಗಿಯರು, ಇವರ ಪಟ್ಟಿ ಮಾಡಿ. ಉತ್ತಮ ಕ್ಲಿನಿಕಲ್ ಪದ್ಧತಿಯ ತರಬೇತಿ ಈಗಲೇ ಕೊಡಿಸಿ. ಅವರ ಲಸಿಕೆ, ಪಿಪಿಇ, ಊಟ, ರಾತ್ರಿ ಮನೆಗೆ ಹೋಗಲು ಗಾಡಿ, ಇವೂ ತಯಾರಿಯ ಭಾಗವೇ. ಒಪ್ಪಿಗೆ ಕೇಳುವವರು ಆ ರೋಗಿಗೆ ಚಿಕಿತ್ಸೆ ಕೊಡುವ ಡಾಕ್ಟರೇ ಆಗದಿದ್ದರೆ ಒಳ್ಳೆಯದು. ಜೀವ ಉಳಿಸುವವರ ಮುಂದೆ ಜನ ಒಲ್ಲೆ ಅನ್ನಲಾರರು, ಅಲ್ವಾ?

ಜೂನ್ ಮೊದಲ ವಾರ

ಕಾಲುವೆಗೆ ನೀರು ಬಿಟ್ಟು ನಾಟಿ ಶುರುವಾಗುವ ಮುಂಚೆ, ವರ್ಷಕ್ಕೊಮ್ಮೆ ನಾವು ಅಣಕು ಪ್ರಯೋಗ ಮಾಡುತ್ತೇವೆ. ಒಬ್ಬ ನರ್ಸ್ ರೋಗಿಯಾಗುತ್ತಾಳೆ. ಫೋನು ಬಂದ ಗಳಿಗೆಯಿಂದ ಗಡಿಯಾರ ನೋಡುತ್ತೇವೆ. ಕಮಿಟಿಗೆ ಕರೆ, ಒಪ್ಪಿಗೆ ಪತ್ರ ಓದುವುದು, ಫಾರ್ಮು, ಟ್ಯೂಬಿನಲ್ಲಿ ಬಣ್ಣದ ನೀರು, ಕ್ಯಾರಿಯರ್, ಕಾರಟಗಿಯಿಂದ ಲ್ಯಾಬಿನ ಬಾಗಿಲವರೆಗೆ. ಮೊದಲ ವರ್ಷ ಕ್ಯಾರಿಯರ್ ಸಿಕ್ಕಿತು, ಕೋಣೆಯ ಬೀಗದ ಕೈ ಸಿಗಲಿಲ್ಲ. ಎರಡನೇ ವರ್ಷ ಒದ್ದೆಯಾಗಿ ಲೇಬಲ್ ಕಿತ್ತುಬಂತು. ಸಿಕ್ಕ ತಪ್ಪನ್ನು ಅದೇ ವಾರ ಸರಿ ಮಾಡುತ್ತೇವೆ. ಫೋನ್ ನಂಬರ್ ಹಾಳೆಯನ್ನೂ ಆಗಲೇ ತಿದ್ದುತ್ತೇವೆ, ವರ್ಗಾವಣೆ ಆಗಿರುತ್ತದೆ.

ಒಂದು ಕೆಲಸ ಉಳಿಯಿತು. ಸ್ಟಡಿ ಮುಗಿದ ಮೇಲೆ ಫಲಿತಾಂಶವನ್ನು ಊರಿಗೆ ಹೋಗಿ ಹೇಳಬೇಕು. ಅದಕ್ಕೂ ಪ್ರೋಟೋಕಾಲಿನಲ್ಲಿ ತಾರೀಖು, ದುಡ್ಡು ಇಟ್ಟಿರಿ. ಸಿಂಧನೂರಿನ ಆ ಹುಡುಗನ ಊರಿಗೆ ನಾವು ಹೋಗಿದ್ದು ಎಂಟು ತಿಂಗಳ ಮೇಲೆ. ಗುಡಿ ಕಟ್ಟೆ ಮೇಲೆ ಇಪ್ಪತ್ತು ಜನ ಕೂತಿದ್ದರು. ಎಷ್ಟು ಮಕ್ಕಳಿಗೆ ಯಾವ ಜ್ವರ ಇತ್ತು, ಮೆದುಳು ಜ್ವರದ ಲಸಿಕೆ ಎರಡು ಸಲ ಯಾಕೆ ಹಾಕಿಸಬೇಕು ಅಂತ ಡಾಕ್ಟರು ಹೇಳಿದರು. ಅಜ್ಜಿ ಹಿಂದಿನ ಸಾಲಿನಲ್ಲಿ ಕೂತು ಎಲ್ಲ ಕೇಳಿಸಿಕೊಂಡಳು. ಹುಡುಗ ಅವಳ ಪಕ್ಕ ನಿಂತಿದ್ದ. ಸಭೆ ಮುಗಿದ ಮೇಲೆ ಮೂವರು ತಾಯಂದಿರು ತಮ್ಮ ಮಕ್ಕಳ ಲಸಿಕೆ ಕಾರ್ಡು ತಂದು ತೋರಿಸಿದರು. ಎರಡನೇ ಡೋಸಿನ ಜಾಗ ಮೂರರಲ್ಲೂ ಖಾಲಿ ಇತ್ತು. ಎಎನ್‌ಎಂ ಅಕ್ಕ ಅಲ್ಲೇ ಕೂತು ಹೆಸರು ಬರೆದುಕೊಂಡಳು.